ಬಲ್ಮಠದ ಬಂಗಲೆಯ ‘ಅಮ್ಮನವರು’ ದಿನವಿಡೀ ಏನು ಮಾಡುತ್ತಿದ್ದರು?

ಪ್ರಶ್ನೆ: ನನ್ನ ಅಜ್ಜಿಯ ತಾಯಿ ಮಂಗಳೂರಿನಲ್ಲಿ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಶನ್‌ನವರ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಬೆಳೆದವರಂತೆ. ಅವರು ಹಾಕಿದ ಒಂದು ಕಸೂತಿ ಬಟ್ಟೆ ನಮ್ಮ ಮನೆಯಲ್ಲಿದೆ. ‘ಪಾದ್ರಿ ಅಮ್ಮನವರು ಕಲಿಸಿದ್ದು’ ಎಂದು ಅಜ್ಜಿ ಹೇಳುತ್ತಿದ್ದರು. ಕಿಟೆಲ್, ಮೋಗ್ಲಿಂಗ್ ಮುಂತಾದ ಪಾದ್ರಿಗಳ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಅವರ ಹೆಂಡತಿಯರಾದ ಈ ಅಮ್ಮನವರುಗಳ ಬಗ್ಗೆ ಮಾತ್ರ ಏನೂ ಸಿಗುವುದಿಲ್ಲ. ಅಷ್ಟು ದೂರದಿಂದ ಬಂದ ಗಂಡ-ಹೆಂಡತಿ ಇಲ್ಲಿ ದಿನ ಹೇಗೆ ಕಳೆಯುತ್ತಿದ್ದರು? ಆ ಅಮ್ಮನವರ ಹೆಸರು ಹುಡುಕಲು ದಾರಿ ಇದೆಯೇ?

ಉತ್ತರ: ದಾರಿ ಇದೆ. ಅದನ್ನು ಕೊನೆಗೆ ಹೇಳುತ್ತೇನೆ. ಆ ಮನೆಯ ಕಥೆ ಗೊತ್ತಿಲ್ಲದೆ ಹುಡುಕಲು ಕೂತರೆ ಮೊದಲ ದಿನವೇ ಬೇಜಾರಾಗಿ ಎದ್ದುಬಿಡುತ್ತೀರಿ. ನಾನೂ ಹಾಗೇ ಎದ್ದಿದ್ದೆ. ಮಿಶನ್‌ನ ಹಳೆ ವರದಿಗಳಲ್ಲಿ ಗಂಡಸರಿಗೆಲ್ಲ ಹೆಸರಿದೆ, ಹುಟ್ಟೂರಿದೆ, ಬಂದಿಳಿದ ದಿನವಿದೆ. ಹೆಂಗಸರಿಗೆ ಇರುವುದು ಗಂಡನ ಹೆಸರು, ಅದರ ಹಿಂದೆ ಒಂದು ‘ಶ್ರೀಮತಿ’. ಕೆಲವು ಕಡೆ ಅದೂ ಇಲ್ಲ. ‘ಹೆಂಡತಿಯೊಂದಿಗೆ’ ಎಂಬ ಒಂದು ಪದದಲ್ಲಿ ಇಪ್ಪತ್ತು ವರ್ಷದ ಸಂಸಾರ ಮುಗಿದಿರುತ್ತದೆ.

ಆದರೆ ಇವರೆಲ್ಲ ಕಾಗದ ಬರೆದರು. ಬರೆದರು ಅಂದರೆ ಸುಮ್ನೆ ಅಲ್ಲ, ರಾಶಿ ರಾಶಿ. ಆ ಮನೆಯ ನಿಜವಾದ ಯಜಮಾನ ಯಾರು ಅಂದರೆ ಟಪ್ಪಾಲು ಎಂದೇ ನಾನು ಹೇಳುವುದು. ಮದುವೆ ಗೊತ್ತಾಗುತ್ತಿದ್ದುದು ಕಾಗದದಲ್ಲಿ. ಬೈಗುಳ ಬರುತ್ತಿದ್ದುದು ಕಾಗದದಲ್ಲಿ. ಕೊನೆಗೆ ಹೆತ್ತ ಮಕ್ಕಳೂ ಕಾಗದವೇ ಆಗಿಬಿಡುತ್ತಿದ್ದರು.

ಮದುವೆಯಿಂದಲೇ ಶುರು ಮಾಡೋಣ. ಬಾಸೆಲ್ ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿ ತರಬೇತಿ ಪಡೆಯುತ್ತಿದ್ದ ಹುಡುಗರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. ರೈತರ, ಕುಶಲಕರ್ಮಿಗಳ ಮಕ್ಕಳು ಜಾಸ್ತಿ. 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದವರು ಮೂವರು: ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್. ಜೊತೆಗೆ ಹೆಂಗಸರು ಯಾರೂ ಇಲ್ಲ. ಉದ್ದ ಗಡ್ಡದ ಹೆಬಿಕ್ ಕೊನೆವರೆಗೂ ಬ್ರಹ್ಮಚಾರಿಯಾಗಿಯೇ ಉಳಿದರು.

ಉಳಿದವರಿಗೆ ಅದು ಆಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ನಿಯಮವಿತ್ತು. ಹುಡುಗ ಒಬ್ಬನೇ ಹೋಗಬೇಕು. ಮೊದಲ ಎರಡು ವರ್ಷ ಭಾಷೆ ಕಲಿಯಬೇಕು, ಹವೆ ಒಗ್ಗಿಸಿಕೊಳ್ಳಬೇಕು. ಬದುಕಿ ಉಳಿಯುತ್ತಾನೋ ಇಲ್ಲವೋ ಎಂಬುದನ್ನೂ ಆ ಎರಡು ವರ್ಷದಲ್ಲಿ ನೋಡುತ್ತಿದ್ದರು ಅಂತಿಟ್ಟುಕೊಳ್ಳಿ. ಆಮೇಲೆ ಮಿಶನ್ ನಡೆಸುವ ಬಾಸೆಲಿನ ಕಮಿಟಿಗೆ ಅರ್ಜಿ ಬರೆಯಬೇಕು: ‘ನನಗೆ ಮದುವೆಯಾಗಲು ಅಪ್ಪಣೆ ಕೊಡಿ’ ಅಂತ. ಮನಸ್ಸಿನಲ್ಲಿ ಒಬ್ಬಳು ಇದ್ದರೆ ಅವಳ ಹೆಸರು ಹಾಕಬಹುದು. ಇಲ್ಲದಿದ್ದರೆ ‘ನೀವೇ ಒಬ್ಬಳನ್ನು ನೋಡಿ’ ಅಂದರೂ ಆಯಿತು.

ಕಮಿಟಿ ನೋಡುತ್ತಿತ್ತು. ಹುಡುಗಿಯ ಊರಿನ ಪಾದ್ರಿಗೆ ಕಾಗದ ಹೋಗುತ್ತಿತ್ತು. ನಡತೆ ಹೇಗೆ, ಭಕ್ತಿ ಹೇಗೆ, ಮೈಬಗ್ಗಿಸಿ ಕೆಲಸ ಮಾಡುತ್ತಾಳೋ, ಮನೆಯಲ್ಲಿ ಕಾಯಿಲೆಯಿದೆಯೋ. ಹುಡುಗಿ ತನ್ನ ಜೀವನದ ಕಥೆಯನ್ನು ತಾನೇ ಬರೆದುಕೊಡಬೇಕು. ವೈದ್ಯರ ಸರ್ಟಿಫಿಕೇಟು ಬೇಕು. ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಇದನ್ನೆಲ್ಲ ಮೊದಲ ಸಲ ಓದಿದಾಗ ನನಗೆ ನಗು ಬಂತು. ಯೂರೋಪಿನವರದು ಪ್ರೇಮವಿವಾಹ, ನಮ್ಮದು ಜಾತಕ ಎಂದು ಯಾರು ಹೇಳಿದರೋ! ಇಲ್ಲಿ ಜಾತಕದ ಜಾಗದಲ್ಲಿ ಡಾಕ್ಟರ ಚೀಟಿ, ಜೋಯಿಸರ ಜಾಗದಲ್ಲಿ ಕಮಿಟಿ. ವ್ಯತ್ಯಾಸ ಒಂದೇ. ನಮ್ಮ ಹುಡುಗಿ ಹೊಂದಿಕೆಯಾಗದಿದ್ದರೆ ದೀಪಾವಳಿಗೆ ತವರಿಗೆ ಬಂದು ಅತ್ತು ಹೋಗಬಹುದಿತ್ತು. ಇವಳಿಗೆ ತವರು ಮೂರು ಸಮುದ್ರದಾಚೆ.

ಎಷ್ಟೋ ಹುಡುಗಿಯರು ಗಂಡನಾಗುವವನ ಮುಖ ನೋಡಿದ್ದು ಬಂದರಿನಲ್ಲಿ ಇಳಿದ ದಿನವೇ. ಆಮೇಲಿನ ಕಾಲದಲ್ಲಿ ಒಂದು ಫೋಟೋ ಕೈಯಲ್ಲಿರುತ್ತಿತ್ತು. ಒಬ್ಬೊಬ್ಬರನ್ನೇ ಕಳಿಸುತ್ತಿರಲಿಲ್ಲ. ರಜೆ ಮುಗಿಸಿ ವಾಪಸು ಹೊರಟ ಮಿಶನರಿ ದಂಪತಿಗಳ ಜೊತೆ ಎರಡು ಮೂರು ವಧುಗಳನ್ನು ಒಟ್ಟಿಗೆ ಹಡಗು ಹತ್ತಿಸುತ್ತಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪ್ರಯಾಣ ಮೂರು ನಾಲ್ಕು ವಾರಕ್ಕೆ ಇಳಿಯಿತು. ಅದಕ್ಕೂ ಮೊದಲು ಆಫ್ರಿಕಾ ಸುತ್ತಿಕೊಂಡು ಬಂದರೆ ತಿಂಗಳುಗಟ್ಟಲೆ. ಇಷ್ಟು ದಿನ ಸಮುದ್ರದ ಮೇಲೆ ಕೂತ ಹುಡುಗಿಯ ಮನಸ್ಸು ಹಡಗಿನಲ್ಲೇ ಇನ್ನೊಬ್ಬನ ಕಡೆ ತಿರುಗಿದ್ದೂ ಉಂಟು. ಕಮಿಟಿಗೆ ಅದೊಂದು ದೊಡ್ಡ ತಲೆನೋವು. ಇಳಿದ ಕೆಲವೇ ದಿನಗಳಲ್ಲಿ ಮದುವೆ. ಒಳಗೆ ತಗಡು ಹೊದಿಸಿದ ಪೆಟ್ಟಿಗೆಗಳಲ್ಲಿ ಬಟ್ಟೆಬರೆ, ಹೊಲಿಗೆ ಸಾಮಾನು, ಬೈಬಲು.

ಈಗ ಮನೆಯೊಳಗೆ ಹೋಗೋಣ. ಮಂಗಳೂರಿನಲ್ಲಿ ಮಿಶನ್‌ನ ಮುಖ್ಯ ಜಾಗ ಬಲ್ಮಠದ ಗುಡ್ಡ. 1840ರಲ್ಲಿ ಕಲೆಕ್ಟರ್ ಬ್ಲೇರ್ ಬಿಟ್ಟುಕೊಟ್ಟ ಭೂಮಿ ಅದು. ಕೆಂಪು ಮುರಕಲ್ಲಿನ ಗೋಡೆ, ಉದ್ದ ಜಗಲಿ. ಮಂಗಳೂರು ಹಂಚು ಆಗಿನ್ನೂ ಇರಲಿಲ್ಲ. ಇದೇ ಮಿಶನ್‌ನ ಪ್ಲೆಬ್ಸ್ಟ್ ಎಂಬವರು ಜಪ್ಪಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಅಲ್ಲಿವರೆಗೆ ಕರಾವಳಿಯ ಹೆಚ್ಚಿನ ಮಾಡುಗಳಿಗೆ ಮುಳಿಹುಲ್ಲೋ ಮಡಲೋ ಹೊದಿಸಬೇಕಿತ್ತು. ಹುಲ್ಲಿನ ಮಾಡಿನಿಂದ ಏನೇನು ಕೆಳಗೆ ಬೀಳುತ್ತದೆ ಅಂತ ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ ಅಲ್ವಾ. ಹಿಮದ ಊರಿನಿಂದ ಬಂದ ಇಪ್ಪತ್ತೆರಡರ ಹುಡುಗಿಗೆ ಅದನ್ನು ಯಾರೂ ಹೇಳಿರಲಿಲ್ಲ.

ದಿನ ಶುರುವಾಗುತ್ತಿದ್ದುದು ಬಿಸಿಲೇರುವ ಮುಂಚೆ. ಕಾಫಿ, ಆಮೇಲೆ ಮನೆಯವರ ಪ್ರಾರ್ಥನೆ. ಹೆರ್ನ್‌ಹೂಟ್ ಎಂಬ ಊರಿನ ಭಕ್ತರು ಪ್ರತಿವರ್ಷ ಅಚ್ಚು ಹಾಕುವ ಒಂದು ಪುಟ್ಟ ಪುಸ್ತಕವಿದೆ, ದಿನಕ್ಕೊಂದು ವಚನ ಇರುವಂಥದ್ದು. ಈ ಜನಕ್ಕೆ ಅದು ನಮ್ಮ ಪಂಚಾಂಗ ಇದ್ದ ಹಾಗೆ. ಮಂಗಳೂರಿನ ಜಗಲಿಯಲ್ಲಿ ಇವಳು ಓದಿದ ವಚನವನ್ನೇ ಅದೇ ದಿನ ಊರಿನಲ್ಲಿ ಅವಳ ತಾಯಿಯೂ ಓದುತ್ತಿದ್ದಳು. ದೂರದಲ್ಲಿರುವ ಇಬ್ಬರು ಒಂದೇ ಹೊತ್ತಿಗೆ ಚಂದ್ರನನ್ನು ನೋಡುವುದು ಅಂತಾರಲ್ಲ, ಹಾಗೆ. ವಚನದ ಮಾತು ಬಂದ ಕೂಡಲೇ ಕಾಗದದಲ್ಲಿ ತವರಿನ ನೆನಪೂ ಹಿಂದೆಯೇ ಬರುತ್ತದೆ.

ಪ್ರಾರ್ಥನೆ ಮುಗಿದರೆ ಗಂಡ ಮುನ್ಷಿಯ ಹತ್ತಿರ. ಕನ್ನಡವೋ ತುಳುವೋ ಕಲಿಕೆ, ಅನುವಾದ, ಪ್ರೂಫು. 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುವಾಗಿತ್ತು. 1843ರ ಜುಲೈ 1ರಂದು ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು. ಕನ್ನಡ ಪತ್ರಿಕೆಗಳ ಲೆಕ್ಕ ಅಲ್ಲಿಂದ ಶುರು, ಅದು ನಿಮಗೆ ಗೊತ್ತಿರುವುದೇ.

ಹೆಂಡತಿ ಅಡುಗೆಮನೆ, ಆಳುಕಾಳು, ಲೆಕ್ಕದ ಪುಸ್ತಕ ನೋಡಬೇಕು. ಆಳುಗಳಿದ್ದರು, ಇಲ್ಲವೆನ್ನಲಾಗದು. ಅಡುಗೆಯವನು, ನೀರಿನವನು, ಮಕ್ಕಳಿಗೆ ಆಯಾ. ಊರಿನಲ್ಲಿ ತಾನೇ ನೆಲ ಉಜ್ಜುತ್ತಿದ್ದ ಹುಡುಗಿ ಇಲ್ಲಿ ನಾಲ್ಕು ಜನರಿಗೆ ಹುಕುಂ ಕೊಡುವ ದೊರೆಸಾನಿ. ಅದೂ ಬಾರದ ಭಾಷೆಯಲ್ಲಿ. ಗಂಡನಿಗೆ ಭಾಷೆ ಕಲಿಯಲು ಮುನ್ಷಿ ಇದ್ದ, ಸಮಯ ಕೊಟ್ಟಿದ್ದರು. ಇವಳ ಶಾಲೆ ಅಡುಗೆಮನೆಯೇ. ಗಂಡ ಜೈಮಿನಿ ಭಾರತದ ಕನ್ನಡ ಕಲಿತರೆ, ಇವಳು ‘ಸೌದೆ ಹಸಿ, ಒಣಗಿದ್ದು ತಾ’ ಎನ್ನುವ ಕನ್ನಡ ಕಲಿತಳು. ಊರಿನ ಹೆಂಗಸರು ಮಾತಾಡಲು ಬರುತ್ತಿದ್ದುದು ಎರಡನೆಯ ಕನ್ನಡ ಬಲ್ಲವಳ ಹತ್ತಿರ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಮನೆಯೊಳಗಿನ ಹೆಂಗಸರ ಹತ್ತಿರ ಪಾದ್ರಿ ಹೋಗಲು ಸಾಧ್ಯವೇ ಇರಲಿಲ್ಲ. ಆ ಬಾಗಿಲು ತೆರೆದಿದ್ದು ಅಮ್ಮನವರಿಗೆ ಮಾತ್ರ.

ಊಟ? ಅನ್ನ, ಕೋಳಿ, ಮೀನು. ಬ್ರೆಡ್ಡಿನ ಆಸೆ ಬಿಟ್ಟಿರಲಿಲ್ಲ. ಆ ಕಾಲದ ಕರಾವಳಿಯಲ್ಲಿ ಹಿಟ್ಟು ಹುಳಿ ಬರಿಸಲು ಶೇಂದಿಯೇ ಗತಿ. ಕುಡಿತದ ವಿರುದ್ಧ ಬೋಧನೆ ಮಾಡುವ ಮನೆಯ ಬ್ರೆಡ್ಡು ಕಳ್ಳಿನಲ್ಲೇ ಉಬ್ಬಬೇಕು! ಮಳೆಗಾಲ ಬಂದರೆ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ಗೆದ್ದಲು ಬೇರೆ. ಇರುವೆ ಹತ್ತದಿರಲಿ ಅಂತ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು. ಜ್ವರಕ್ಕೆ ಕ್ವಿನೈನ್. ತೀರಾ ಸೊರಗಿದವರು ನೀಲಗಿರಿ ಹತ್ತಿ ಕೇತಿಯ ಮಿಶನ್ ಮನೆಯಲ್ಲಿ ಕೆಲವು ವಾರ ಇದ್ದು ಬರುತ್ತಿದ್ದರು.

ಮಳೆ ನಿಂತು ದಾರಿ ಒಣಗಿದರೆ ಗಂಡ ಊರೂರು ತಿರುಗಲು ಹೊರಡುತ್ತಿದ್ದ. ಎತ್ತಿನ ಗಾಡಿ, ಗುಡಾರ, ಪುಸ್ತಕದ ಗಂಟು. ಜಾತ್ರೆಗಳಲ್ಲಿ ನಿಂತು ಬೋಧನೆ. ಬೈಗುಳವೂ ಬೀಳುತ್ತಿತ್ತು, ಕೆಲವೊಮ್ಮೆ ಮಣ್ಣೂ ಬೀಳುತ್ತಿತ್ತು. ವಾರಗಟ್ಟಲೆ ಅವನಿಲ್ಲ. ಆಗ ಸ್ಟೇಷನ್ ನಡೆಸುವವಳು ಅವಳೇ. (ಅವರ ಮಾತಿನಲ್ಲಿ ‘ಸ್ಟೇಷನ್’ ಅಂದರೆ ಮಿಶನ್ ಮನೆ, ಶಾಲೆ, ಗುಡಿಸಲುಗಳೆಲ್ಲ ಸೇರಿದ ಕಾಂಪೌಂಡು.) ಶಾಲೆಯ ಮೇಷ್ಟ್ರಿಗೆ ಸಂಬಳ, ಬಾಗಿಲಿಗೆ ಬಂದವರಿಗೆ ಔಷಧಿ, ಜಗಳಕ್ಕೆ ಪಂಚಾಯಿತಿ. ಇಷ್ಟಕ್ಕೆಲ್ಲ ಅವಳಿಗೆ ಸಂಬಳ ಎಷ್ಟು? ಸೊನ್ನೆ. ಮದುವೆಯಾದರೆ ಗಂಡನಿಗೆ ಸಿಗುವ ಖರ್ಚಿನ ಹಣ ಸ್ವಲ್ಪ ಏರುತ್ತಿತ್ತು, ಅಷ್ಟೇ.

ನಿಮ್ಮ ಮನೆಯ ಕಸೂತಿ ಬಟ್ಟೆಯ ವಿಷಯಕ್ಕೆ ಬಂದೆ. ಹೆಣ್ಣುಮಕ್ಕಳ ಬೋರ್ಡಿಂಗು ಪೂರ್ತಿ ಅಮ್ಮನವರ ರಾಜ್ಯ. ಮತಾಂತರವಾದ ಕುಟುಂಬಗಳ ಮಕ್ಕಳು, ತಬ್ಬಲಿಗಳು. 1876–78ರ ಬರದಲ್ಲಿ ಉತ್ತರ ಕರ್ನಾಟಕದ ಕಡೆ ಇಂಥ ಮಕ್ಕಳ ಸಂಖ್ಯೆ ಒಮ್ಮೆಲೇ ಏರಿತು. ಬೆಳಿಗ್ಗೆ ಓದು-ಬರಹ, ಲೆಕ್ಕ, ಹಾಡು. ಮಧ್ಯಾಹ್ನದ ಮೇಲೆ ಹೊಲಿಗೆ, ಹೆಣಿಗೆ, ಕಸೂತಿ. ನಡುವೆ ಅಕ್ಕಿ ಕುಟ್ಟುವುದು, ನೀರು ಹೊರುವುದು, ಗುಡಿಸುವುದು. ಮೊದಲು ಕಲಿಸುತ್ತಿದ್ದುದು ಸಣ್ಣ ಕತ್ತರಿ ಹೊಲಿಗೆಯಲ್ಲಿ (ಕ್ರಾಸ್ ಸ್ಟಿಚ್) ಅಕ್ಷರಗಳನ್ನು ಎತ್ತುವುದು. ಒಂದು ತುಂಡು ಬಟ್ಟೆ, ಅದರ ಮೇಲೆ ಸಾಲಾಗಿ ಅಕ್ಷರಗಳು, ಅಂಕಿಗಳು, ಅಂಚಿಗೆ ಹೂಬಳ್ಳಿ. ನಿಮ್ಮಲ್ಲಿರುವುದೂ ಅಂಥದ್ದೇ ಇರಬಹುದು. ಆ ಅಮ್ಮನವರು ತಾವೂ ಸಣ್ಣವರಿದ್ದಾಗ ಅಂಥದ್ದೇ ಒಂದನ್ನು ಹೊಲಿದಿರುತ್ತಾರೆ. ಜರ್ಮನಿಯ ಹಳ್ಳಿಯಲ್ಲಿ ತಾಯಿ ಕಲಿಸಿದ ಹೊಲಿಗೆ ಜಪ್ಪಿನಲ್ಲೋ ಉಡುಪಿಯಲ್ಲೋ ಹುಡುಗಿಯ ಬೆರಳಿಗೆ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು, ನಿಮ್ಮ ಅಜ್ಜಿಯವರಿಗೆ ಇಷ್ಟವಾಗುತ್ತಿತ್ತೋ ಇಲ್ಲವೋ. ಬೋರ್ಡಿಂಗಿನ ಹುಡುಗಿ ದೊಡ್ಡವಳಾದರೆ ಅವಳಿಗೆ ಗಂಡು ನೋಡುವವರೂ ಇವರೇ. ಉಪದೇಶಿಯೋ, ಮೇಷ್ಟ್ರೋ, ನೇಯ್ಗೆ ಕಾರ್ಖಾನೆಯ ಕೆಲಸಗಾರನೋ ಬಂದು ಪಾದ್ರಿಯ ಹತ್ತಿರ ಕೇಳುತ್ತಿದ್ದ. ಪಾದ್ರಿ ಹೆಂಡತಿಯನ್ನು ಕೇಳುತ್ತಿದ್ದ: ‘ಯಾರಿದ್ದಾರೆ? ಹುಡುಗಿ ಹೇಗೆ? ಕೆಲಸದವಳೋ? ಆರೋಗ್ಯ ಹೇಗಿದೆ?’ ಕಮಿಟಿ ತನ್ನ ಬಗ್ಗೆ ಕೇಳಿದ ಪ್ರಶ್ನೆಗಳನ್ನೇ ಈಗ ಅವಳು ಇನ್ನೊಬ್ಬಳ ಬಗ್ಗೆ ಉತ್ತರಿಸಬೇಕು. ಎಷ್ಟು ಪ್ರೀತಿಯಿಂದ ಸಾಕಿದ್ದರೂ ಅಲ್ಲಿ ಯಜಮಾನಿಕೆ ಇತ್ತು. ಏನು ಉಡಬೇಕು, ಹೇಗೆ ತಲೆ ಬಾಚಬೇಕು, ಯಾವ ಹಬ್ಬಕ್ಕೆ ಹೋಗಬಾರದು, ಎಲ್ಲಕ್ಕೂ ಮೇಲಿನಿಂದ ಅಪ್ಪಣೆ. ‘ಅಮ್ಮನವರು’ ಎಂಬ ಮಾತಿನಲ್ಲಿ ಅಕ್ಕರೆಯೂ ಇದೆ, ಹೆದರಿಕೆಯೂ ಇದೆ. ಎರಡರಲ್ಲಿ ಒಂದನ್ನು ಮಾತ್ರ ಬರೆಯುವವರನ್ನು ನಾನು ನಂಬುವುದಿಲ್ಲ.

ಇನ್ನು ಟಪ್ಪಾಲು. 1830ರ ದಶಕದಲ್ಲಿ ಕಾಗದ ಹೋಗಿ ಉತ್ತರ ಬರಲು ಹತ್ತಿರ ಹತ್ತಿರ ವರ್ಷವೇ ಬೇಕಾಗುತ್ತಿತ್ತು. ಈಜಿಪ್ಟಿನ ನೆಲದ ದಾರಿ, ಹಬೆ ಹಡಗು, ಆಮೇಲೆ ಸೂಯೆಜ್, ಹೀಗೆ ಇಳಿಯುತ್ತ ಬಂತು. ಆದರೂ ಇವತ್ತು ಬರೆದ ಮಾತಿಗೆ ಎರಡು ತಿಂಗಳ ಮೇಲೆ ಉತ್ತರ. ಮಗುವಿಗೆ ಜ್ವರ ಎಂದು ಬರೆದರೆ ‘ಈಗ ಹೇಗಿದೆ’ ಎಂಬ ಕಾಗದ ಬರುವ ಹೊತ್ತಿಗೆ ಮಗು ಒಂದೋ ಓಡಾಡುತ್ತಿದೆ, ಇಲ್ಲವೋ ಮಣ್ಣಿನಲ್ಲಿದೆ. ಕರಾವಳಿಯ ಹಳೆ ಮಿಶನ್ ಸ್ಮಶಾನಗಳಲ್ಲಿ ಒಮ್ಮೆ ಸುತ್ತಿ ಬನ್ನಿ. ಸಣ್ಣ ಸಣ್ಣ ಗೋರಿಗಳೇ ಜಾಸ್ತಿ.

ಅಂಚೆ ಖರ್ಚು ಉಳಿಸಲು ಆ ಕಾಲದವರಿಗೆ ಒಂದು ಅಭ್ಯಾಸವಿತ್ತು. ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುವುದು. ನಾನು ಮೊದಲ ಸಲ ಅಂಥ ಹಾಳೆ ನೋಡಿದಾಗ ಇದೇನು ಮೀನಿನ ಬಲೆಯೋ ಅನಿಸಿತು. ಉದ್ದದ ಸಾಲಿನಲ್ಲಿ ಶಾಲೆಯ ವರದಿ. ಅಡ್ಡದ ಸಾಲಿನಲ್ಲಿ ಮನೆಯ ಮಾತು. ಅಕ್ಷರವೋ, ಈಗಿನ ಜರ್ಮನರಿಗೂ ಓದಲು ಬಾರದ ಹಳೆ ಮೋಡಿ. ಒಂದು ಪುಟ ಬಿಡಿಸಲು ನನಗೆ ನಾಲ್ಕು ದಿನ ಹಿಡಿಯಿತು. ನಾಲ್ಕನೆಯ ದಿನ ಸಿಕ್ಕ ಸಾಲು ಇಷ್ಟೇ: ಕಳಿಸಿದ ಗುಂಡಿಗಳು ಬಂದವು, ದಾರ ಬರಲಿಲ್ಲ.

ನಗಬೇಡಿ, ದಾರ ಬಾರದಿದ್ದರೆ ಬೋರ್ಡಿಂಗಿನಲ್ಲಿ ಕಸೂತಿ ಪಾಠ ನಿಲ್ಲುತ್ತದೆ.

ಮಕ್ಕಳ ಮಾತಿಗೆ ಬರುತ್ತೇನೆ. ಈ ಮನೆಗಳ ಬಗ್ಗೆ ನಿಜವಾಗಿ ತಿಳಿಯಬೇಕಾದದ್ದು ಇದೇ. ಮಕ್ಕಳು ಆಯಾಳ ಸೊಂಟದ ಮೇಲೆ ಬೆಳೆಯುತ್ತಿದ್ದರು. ಎಷ್ಟೋ ಮಕ್ಕಳಿಗೆ ಮೊದಲು ಬರುತ್ತಿದ್ದ ಮಾತು ಈ ಊರಿನದೇ. ಅಪ್ಪ-ಅಮ್ಮನಿಗೆ ಅದು ಖುಷಿಯೂ ಹೌದು, ಗಾಬರಿಯೂ ಹೌದು. ಆರೇಳು ವರ್ಷವಾದರೆ ಮಗುವನ್ನು ಯೂರೋಪಿಗೆ ಕಳಿಸಬೇಕು. ಹವೆ ಆಗುವುದಿಲ್ಲ, ಶಾಲೆ ಇಲ್ಲ, ಇಲ್ಲಿನ ಗಾಳಿ ಬೀಸಿದರೆ ಕೆಡುತ್ತಾರೆ. ಕಾರಣಗಳು ಬೇಕಾದಷ್ಟು. 1853ರಲ್ಲಿ ಬಾಸೆಲಿನಲ್ಲಿ ಮಿಶನರಿ ಮಕ್ಕಳಿಗಾಗಿಯೇ ಒಂದು ಮನೆ ತೆರೆದರು. ಆಗ ಮಿಶನ್‌ನ ಮುಖ್ಯಸ್ಥರಾಗಿದ್ದವರು ಯೋಸೆಫ್ ಯೋಸೆನ್‌ಹಾನ್ಸ್, ತುಂಬ ಶಿಸ್ತಿನ ಮನುಷ್ಯ. ಅಲ್ಲಿಂದ ಮಕ್ಕಳನ್ನು ಕಳಿಸುವುದು ಪದ್ಧತಿಯೇ ಆಗಿಹೋಯಿತು. ಹತ್ತು ವರ್ಷ, ಕೆಲವೊಮ್ಮೆ ಹನ್ನೆರಡು ವರ್ಷ ಮಗು ಅಲ್ಲಿ, ತಾಯಿ ಇಲ್ಲಿ. ಬೆಳೆಯುವ ಕಾಲಿಗೆ ಕಾಲುಚೀಲ ಹೆಣೆಯಬೇಕೆಂದರೂ ತಾಯಿಗೆ ಅಳತೆ ಗೊತ್ತಿಲ್ಲ. ಈಗೆಷ್ಟಾಗಿರಬಹುದು ಎಂದು ಅಂದಾಜಿನ ಮೇಲೆ ಹೆಣೆಯಬೇಕು.

ಇದರಲ್ಲಿ ನನ್ನನ್ನು ಬಿಡದ ಕಥೆ ಒಂದಿದೆ. ಮಂಗಳೂರಿನಿಂದ ಸ್ವಲ್ಪ ಕೆಳಗೆ, ಕೇರಳದ ತಲಶ್ಶೇರಿಯದು. ಹರ್ಮನ್ ಗುಂಡರ್ಟ್ ಹೆಸರು ಕೇಳಿರುತ್ತೀರಿ. ನಮಗೆ ಕಿಟೆಲ್ ಹೇಗೋ ಮಲಯಾಳಿಗಳಿಗೆ ಅವರು ಹಾಗೆ. ಅವರ ಮಲಯಾಳ ನಿಘಂಟು ಬಂದದ್ದು 1872ರಲ್ಲಿ. ಹೆಂಡತಿ ಜೂಲಿ ದ್ಯುಬುವಾ. ಸ್ವಿಟ್ಜರ್ಲೆಂಡಿನವರು, ಫ್ರೆಂಚ್ ಮನೆಮಾತು, ಗಂಡನಿಗಿಂತ ವಯಸ್ಸಿನಲ್ಲಿ ದೊಡ್ಡವರು. ಇವರದು ಕಮಿಟಿಯ ಮದುವೆ ಅಲ್ಲ. 1836ರಲ್ಲಿ ಇಬ್ಬರೂ ಒಂದೇ ತಂಡದಲ್ಲಿ ಭಾರತಕ್ಕೆ ಬಂದರು, 1838ರ ಜುಲೈಯಲ್ಲಿ ಚಿತ್ತೂರಿನಲ್ಲಿ ಮದುವೆಯಾದರು. ಆಮೇಲೆ ಬಾಸೆಲ್ ಮಿಶನ್ ಸೇರಿ, ಮಂಗಳೂರಿಗೆ ಬಂದು, 1839ರಲ್ಲಿ ತಲಶ್ಶೇರಿಯ ಇಲ್ಲಿಕುನ್ನು ಬಂಗಲೆಗೆ ಹೋದರು. ಜೂಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದರು. ಗಂಡ ಜರ್ಮನ್, ಹೆಂಡತಿ ಫ್ರೆಂಚ್, ಸುತ್ತ ಮಲಯಾಳ, ಸರ್ಕಾರದ ಜೊತೆ ಇಂಗ್ಲಿಷ್.

1842ರ ಅಕ್ಟೋಬರ್‌ನಲ್ಲಿ ಅವರಿಗೆ ಮರೀ ಎಂಬ ಮಗಳು ಹುಟ್ಟಿದಳು. ಮಗುವಿಗೆ ನಾಲ್ಕರ ಆಸುಪಾಸು ಇದ್ದಾಗ ಅಪ್ಪ-ಅಮ್ಮ ರಜೆಗೆ ಊರಿಗೆ ಹೋದರು, ಅವಳನ್ನು ಅಲ್ಲೇ ಬಿಟ್ಟು ತಾವು ವಾಪಸು ಬಂದರು. ಮರೀ ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ. ಆಗ ಅವಳಿಗೆ 15. ಬರುವ ದಾರಿಯಲ್ಲಿ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ಯುವಕನ ಮೇಲೆ ಅವಳಿಗೆ ಮನಸ್ಸಾಯಿತು. ಅವನು ಅವಳ ಕೈ ಕೇಳಿ ಕಾಗದ ಬರೆದ. ಅಪ್ಪ ಒಪ್ಪಲಿಲ್ಲ, ಆ ಕಾಗದವನ್ನು ಮಗಳ ಕೈಗೂ ಕೊಡಲಿಲ್ಲ. ಹತ್ತು ವರ್ಷ ಕಾಗದದಲ್ಲೇ ಅಪ್ಪ-ಅಮ್ಮನನ್ನು ಕಂಡ ಹುಡುಗಿ. ಅವಳಿಗೆ ಬೇಕಾಗಿದ್ದ ಒಂದು ಕಾಗದ ಮಾತ್ರ ಸಿಗಲಿಲ್ಲ ನೋಡಿ.

ಆಮೇಲೆ ಅವಳು ಮಿಶನರಿಯನ್ನೇ ಮದುವೆಯಾದಳು, 1865ರಲ್ಲಿ. ಹೆಸರು ಈಸೆನ್‌ಬರ್ಗ್. 1870ರಲ್ಲಿ ಅವರು ತೀರಿಕೊಂಡರು. ಎರಡು ಮಕ್ಕಳ ಈ ವಿಧವೆ 1874ರಲ್ಲಿ ಮದುವೆಯಾದದ್ದು ಯೋಹಾನ್ನೆಸ್ ಹೆಸ್ಸೆ ಎಂಬವರನ್ನು. ಅವರೂ ಮಂಗಳೂರಿನಲ್ಲಿ ಮಿಶನ್ ಕೆಲಸ ಮಾಡಿ, ಮೈಗೆ ಆಗದೆ 1873ರಲ್ಲಿ ಹಿಂದಿರುಗಿದವರು. ಇವರ ಮಗನೇ ಮುಂದೆ 1946ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಮೊಮ್ಮಗನ ಹೆಸರಿನಿಂದಾಗಿ ಈ ಒಂದು ಮನೆಯ ಹೆಂಗಸರ ಕಾಗದಗಳನ್ನು ಜನ ಓದಿದರು. ಉಳಿದ ಮನೆಗಳ ಕಟ್ಟುಗಳಿಗೆ ಆ ಅದೃಷ್ಟವಿಲ್ಲ.

ಕಿಟೆಲ್ ಮನೆಯನ್ನೇ ನೋಡಿ. ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ಇದೆ. 1894ರಲ್ಲಿ ಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳು. ಹೆಂಡತಿ ಪೌಲಿನ್ ಐತ್. 1860ರಲ್ಲಿ ಮದುವೆ, 1864ರಲ್ಲಿ ಸಾವು. 1867ರಲ್ಲಿ ಕಿಟೆಲ್ ಮದುವೆಯಾದದ್ದು ಪೌಲಿನ್‌ಳ ತಂಗಿ ಜೂಲಿಯನ್ನು. ಅಕ್ಕ ಸತ್ತ ದೇಶಕ್ಕೆ, ಅಕ್ಕನ ಗಂಡನ ಮನೆಗೆ, ಅಕ್ಕನ ಮಕ್ಕಳಿಗೆ ತಾಯಿಯಾಗಿ ಹಡಗು ಹತ್ತಿದ ಹೆಂಗಸು. ನಮ್ಮ ಕಡೆಯೂ ಹೀಗೆ ತಂಗಿಯನ್ನು ತರುವುದು ಇತ್ತು, ಹಾಗಾಗಿ ನಮಗೆ ಇದು ವಿಚಿತ್ರ ಅನಿಸುವುದಿಲ್ಲ. ಆದರೆ ನಿಘಂಟಿನ ಚೀಟಿಗಳು ರಾಶಿ ಬೀಳುತ್ತಿದ್ದ ಆ ವರ್ಷಗಳಲ್ಲಿ ಮಕ್ಕಳನ್ನು ಸಾಕಿ ಮನೆ ನಡೆಸಿದವರ ಹೆಸರು ಎಷ್ಟು ಕನ್ನಡಿಗರಿಗೆ ಗೊತ್ತು?

ಗಂಡ ಸತ್ತರೆ ಏನು ಎಂಬುದನ್ನೂ ಹೇಳಿಬಿಡುತ್ತೇನೆ. ವಿಧವೆ ಸಾಮಾನ್ಯವಾಗಿ ಊರಿಗೆ ಹೊರಡಬೇಕು, ಇಲ್ಲವೇ ಹೆಂಡತಿ ತೀರಿಕೊಂಡ ಇನ್ನೊಬ್ಬ ಮಿಶನರಿಯನ್ನು ಮದುವೆಯಾಗಬೇಕು. ಅವಳಿಗೆ ಭಾಷೆ ಬರುತ್ತದೆ, ಹವೆ ಒಗ್ಗಿದೆ, ಹೊಸ ವಧುವನ್ನು ತರಿಸುವ ಖರ್ಚಿಲ್ಲ. ಲೆಕ್ಕಾಚಾರ ಹಾಗಿತ್ತು.

ಇಷ್ಟೆಲ್ಲ ಕೇಳಿ ಇವರ ಸಂಸಾರದಲ್ಲಿ ಪ್ರೀತಿ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. ಮುಖ ನೋಡದೆ ಮದುವೆಯಾದವರು ಹತ್ತು ವರ್ಷದ ಮೇಲೆ ಒಬ್ಬರನ್ನೊಬ್ಬರು ಬಿಟ್ಟಿರಲಾರದೆ ಬರೆದ ಕಾಗದಗಳು ಬೇಕಾದಷ್ಟಿವೆ. ನಮ್ಮ ಅಜ್ಜ-ಅಜ್ಜಿಯರೂ ಹಾಗೇ ಅಲ್ವಾ ಬದುಕಿದ್ದು? ಬಂಗಲೆಯ ಜಗಲಿಯಲ್ಲಿ ರಾತ್ರಿ ದೀಪದ ಕೆಳಗೆ ಅವನು ಪ್ರೂಫು ನೋಡುತ್ತ, ಅವಳು ಹರಿದ ಬಟ್ಟೆ ಹೊಲಿಯುತ್ತ ಕೂತಿರುವ ಹೊತ್ತು ಆ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

1914ರಲ್ಲಿ ಯುದ್ಧ ಶುರುವಾದ ಮೇಲೆ ಇದೆಲ್ಲ ಬೇಗ ಮುಗಿಯಿತು. ಜರ್ಮನ್ ಪ್ರಜೆಗಳೆಲ್ಲ ಬ್ರಿಟಿಷರಿಗೆ ಶತ್ರುಗಳು. ಗಂಡಸರನ್ನು ಅಹ್ಮದ್‌ನಗರದ ಶಿಬಿರಕ್ಕೆ ಹಾಕಿದರು. 1915–16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಬಹಳ ಜನರನ್ನು ವಾಪಸು ಕಳಿಸಿದರು. ಸ್ವಿಸ್ ಪ್ರಜೆಗಳು ಆಮೇಲೆ ಮತ್ತೆ ಬಂದರು. ಆ ಹೊತ್ತಿಗೆ ಕಾಲ ಬದಲಾಗಿತ್ತು. 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ಶುರು ಮಾಡಿದ ಡಾಕ್ಟರ್ ಇವಾ ಲೊಂಬಾರ್ಡ್ ಯಾರ ಹೆಂಡತಿಯಾಗಿಯೂ ಬಂದವರಲ್ಲ. ಹಾಗಾಗಿ ಅವರ ಹೆಸರು ಉಳಿಯಿತು. ಆಸ್ಪತ್ರೆಯೇ ಅವರ ಹೆಸರಿನಲ್ಲಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಮೊದಲು ಆ ಬಟ್ಟೆಯನ್ನು ಸರಿಯಾಗಿ ನೋಡಿ. ಮೂಲೆಯಲ್ಲಿ ಇಸವಿಯೋ, ಎರಡು ಅಕ್ಷರವೋ ಇರಬಹುದು. ಹಿಂಬದಿಯೂ ನೋಡಿ. ತೊಳೆಯಬೇಡಿ, ಇಸ್ತ್ರಿ ಹಾಕಬೇಡಿ. ಬಣ್ಣದ ದಾರ ಬಿಟ್ಟುಕೊಂಡರೆ ಮುಗಿಯಿತು. ಅಜ್ಜಿಯ ತಾಯಿಗೆ ಎಲ್ಲಿ ದೀಕ್ಷಾಸ್ನಾನವಾಯಿತು, ಎಲ್ಲಿ ಮದುವೆಯಾಯಿತು ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಸಭೆಯ ಹಳೆ ರಿಜಿಸ್ಟರಿನಲ್ಲಿ ಮದುವೆ ಮಾಡಿಸಿದ ಪಾದ್ರಿಯ ಹೆಸರು ಇರುತ್ತದೆ. ಇಲ್ಲಿಗೆ ನಿಮಗೆ ಒಂದು ಇಸವಿ, ಒಂದು ಊರು, ಒಂದು ಗಂಡಸಿನ ಹೆಸರು ಸಿಕ್ಕಿತು.

ಮುಂದಿನ ಕೆಲಸ ಬಲ್ಮಠದಲ್ಲಿ. ಅಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಕೋಣೆಯಲ್ಲಿ ಹಳೆ ಮಿಶನ್ ಪುಸ್ತಕಗಳು, ವರದಿಗಳಿವೆ. ಆ ವರ್ಷದ ವರದಿ ಕೇಳಿ. ಯಾವ ಸ್ಟೇಷನ್ನಿನಲ್ಲಿ ಯಾರಿದ್ದರು, ಬೋರ್ಡಿಂಗು ಯಾರ ಕೈಯಲ್ಲಿತ್ತು ಎಂಬುದು ಸಿಗುತ್ತದೆ. ಅಲ್ಲಿಯೂ ‘ಶ್ರೀಮತಿ ಇಂಥವರು’ ಅಂತಲೇ ಇರುತ್ತದೆ, ಬೇಸರ ಬೇಡ. ಆ ಹೆಸರನ್ನು ಹಿಡಿದುಕೊಂಡು ಬಾಸೆಲಿನ ಮಿಶನ್ ದಾಖಲೆ ಸಂಗ್ರಹಕ್ಕೆ ಹೋಗಬೇಕು. ಅಲ್ಲಿಗೆ ವಿಮಾನ ಹತ್ತಬೇಕಾಗಿಲ್ಲ. ಅವರ ಪಟ್ಟಿಗಳು, ಸಾವಿರಾರು ಹಳೆ ಫೋಟೋಗಳು ಅಂತರ್ಜಾಲದಲ್ಲಿವೆ. ಫೋಟೋಗಳಲ್ಲಿ ಬೋರ್ಡಿಂಗಿನ ಹುಡುಗಿಯರು ಸಾಲಾಗಿ ಕೂತು ಹೊಲಿಯುತ್ತಿರುವುದೂ ಇದೆ. ಹುಡುಕುವಾಗ ಹೆಂಡತಿಯ ಹೆಸರು ಹಾಕಬೇಡಿ, ಗಂಡನ ಹೆಸರು ಹಾಕಿ. ಅವನ ಕುಟುಂಬದ ರಿಜಿಸ್ಟರಿನಲ್ಲಿ ಅವಳ ತವರಿನ ಹೆಸರು, ಹುಟ್ಟಿದ ದಿನ, ಮದುವೆಯ ದಿನ, ಮಕ್ಕಳ ಸಾಲು ಸಿಗುತ್ತದೆ. ಪಾದ್ರಿ ಎರಡು ಸಲ ಮದುವೆಯಾಗಿದ್ದರೆ ನಿಮ್ಮ ಅಜ್ಜಿಯ ತಾಯಿ ಬೋರ್ಡಿಂಗಿನಲ್ಲಿದ್ದ ವರ್ಷಗಳನ್ನು ತಾಳೆ ಹಾಕಿ ನೋಡಿ. ಇಲ್ಲದಿದ್ದರೆ ಬೇರೆ ಅಮ್ಮನವರ ಹೆಸರು ಬರೆದುಕೊಂಡು ಬರುತ್ತೀರಿ. ನಾನು ಒಮ್ಮೆ ಹಾಗೇ ಮಾಡಿ, ಒಂದು ಮನೆಯವರಿಗೆ ಅಕ್ಕನ ಬದಲು ತಂಗಿಯ ಹೆಸರು ಹೇಳಿ ಕಳಿಸಿದ್ದೆ.